ಹೂವಿನ ಹಿಂದೆ ಕೂತವರು

ನಮ್ಮ ಮನೆಯ ದೇವರ ಜಗಲಿಯ ಮೇಲಿರುವ ಕುಂಕುಮದ ಬಟ್ಟಲಿಗೆ ಕ್ಯಾಮೆರಾ ಲೆನ್ಸಿನ ಮುಚ್ಚಳವಿದೆ. ಕಪ್ಪು ಪ್ಲಾಸ್ಟಿಕ್ಕಿನದು. ಬಟ್ಟಲಿನ ಸ್ವಂತ ಮುಚ್ಚಳ ಯಾವಾಗ ಕಳೆದುಹೋಯಿತೋ ಯಾರಿಗೂ ನೆನಪಿಲ್ಲ. ಈ ಹೊಸದು ಬಂದ ದಿನ ಮಾತ್ರ ಎಲ್ಲರಿಗೂ ನೆನಪಿದೆ. ಅಣ್ಣನ ಮದುವೆಯ ಹಿಂದಿನ ದಿನ, ವಿಡಿಯೋ ತೆಗೆಯಲು ರಾಣೇಬೆನ್ನೂರಿನಿಂದ ಬ್ಯಾಡಗಿಗೆ ಬಂದಿದ್ದ ಈರಣ್ಣ ಅದನ್ನು ನಮ್ಮ ಕಿಟಕಿಯ ಕಟ್ಟೆಯ ಮೇಲೆ ಮರೆತುಹೋದ. ಮದುವೆಯ ಗದ್ದಲ ಮುಗಿದ ಮೇಲೆ ಅವ್ವ ಅದನ್ನು ತೊಳೆದು, ಒರೆಸಿ, ಬಟ್ಟಲಿನ ಮೇಲಿಟ್ಟು ನೋಡಿದಳು. ಸರಿಯಾಗಿ ಕೂತಿತು. "ಅಳತಿ ತಗೊಂಡ ಮಾಡಿಸಿದಂಗ ಐತಿ," ಎಂದಳು. ಬ್ಯಾಡಗಿಯಲ್ಲಿ ಮುಚ್ಚಳಗಳಿಗೆ ಬೆಲೆ ಹೆಚ್ಚು. ಸುಗ್ಗಿಯಲ್ಲಿ ಮಾರುಕಟ್ಟೆಯ ಕಡೆಯಿಂದ ಗಾಳಿ ತಿರುಗಿತೆಂದರೆ ತೆರೆದಿಟ್ಟ ಹಾಲಿಗೂ ಮೆಣಸಿನಕಾಯಿಯ ಘಾಟು ಹತ್ತುತ್ತದೆ.

ಮುಚ್ಚಳ ತೆಗೆದಾಗಲೆಲ್ಲ ನನಗೆ ಕುಂಕುಮಕ್ಕಿಂತ ಮೊದಲು ಗುಲಾಬಿ ಹೂವೊಂದು ನೆನಪಾಗುತ್ತದೆ. ಆ ಹೂವಿನ ವಿಷಯಕ್ಕೆ ಬರುತ್ತೇನೆ.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುತ್ತೇನೆ. ಪಠ್ಯದಲ್ಲಿ ಸಿನಿಮಾಕ್ಕೂ ಒಂದು ಪಾಠವಿದೆ. ಕ್ಯಾಮೆರಾ ಕೆಳಗಿನಿಂದ ನೋಡಿದರೆ ಮನುಷ್ಯ ದೊಡ್ಡವನಾಗಿ ಕಾಣುತ್ತಾನೆ, ಮೇಲಿನಿಂದ ನೋಡಿದರೆ ಚಿಕ್ಕವನಾಗುತ್ತಾನೆ, ಹತ್ತಿರ ಹೋದರೆ ಅವನ ಮನಸ್ಸು ತಿಳಿದಂತಾಗುತ್ತದೆ, ದೂರ ನಿಂತರೆ ಅವನ ಒಂಟಿತನ ಕಾಣುತ್ತದೆ. ಇಷ್ಟನ್ನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವಷ್ಟರಲ್ಲಿ ತಾಸು ಮುಗಿದಿರುತ್ತದೆ. ಈ ವರ್ಷ, ಕೆಳಗಿನಿಂದ ಮೇಲೆ ನೋಡುವಂತೆ ತೆಗೆದ ಚಿತ್ರವನ್ನು ನೀವು ಎಲ್ಲಿ ನೋಡಿದ್ದೀರಿ ಎಂದು ಕೇಳಿದೆ. ನಾಜಿಯಾ ಎಂಬ ಹುಡುಗಿ ಎದ್ದು ನಿಂತು, "ಇಲೆಕ್ಷನ್ ಬ್ಯಾನರಿನ್ಯಾಗ್ರೀ ಮೇಡಂ. ಮಾರಿಕಿಂತಾ ಮೊದಲ ಮೂಗಿನ ಹೊಳ್ಳಿ ಕಾಣ್ತಾವ," ಎಂದಳು. ಪುಸ್ತಕದಲ್ಲಿ ಈ ಉದಾಹರಣೆ ಇಲ್ಲ. ಇರಬೇಕಿತ್ತು.

ಮೇಲಿನಿಂದ ತೆಗೆದ ಚಿತ್ರಕ್ಕೆ ನಮ್ಮೂರೇ ಉದಾಹರಣೆ. ನೀವೂ ಟೀವಿಯಲ್ಲಿ ನೋಡಿರುತ್ತೀರಿ. ಬ್ಯಾಡಗಿ ಎಂದ ಕೂಡಲೇ ಡ್ರೋನು ಮೇಲೇರುತ್ತದೆ. ಮಾರುಕಟ್ಟೆಯ ತುಂಬ ಹರವಿದ ಮೆಣಸಿನಕಾಯಿ ಕೆಂಪು ಜಮಖಾನೆಯಂತೆ ಕಾಣುತ್ತದೆ, ಅದರ ಮೇಲೆ ಇರುವೆಯಂತೆ ಹಮಾಲರು ಓಡಾಡುತ್ತಾರೆ. ಬಹಳ ಚಂದದ ಚಿತ್ರ. ಆದರೆ ಅಷ್ಟು ಎತ್ತರದಲ್ಲಿ ಯಾರಿಗೂ ಕೆಮ್ಮು ಬರುವುದಿಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವ ಅಪ್ಪ ಅಂಥ ಚಿತ್ರ ಬಂದಾಗ, "ಇಳೀರಿ ಕೆಳಗ, ಆಮ್ಯಾಲೆ ಮಾತಾಡ್ರಿ," ಎಂದು ಟೀವಿಗೆ ಹೇಳುತ್ತಾನೆ. ಸೀನು ತಡೆಯಲು ಮೂಗಿಗೆ ಹಿಡಿದ ವಸ್ತ್ರ ಅವನ ಕೈಯಲ್ಲೇ ಇರುತ್ತದೆ.

ಪಾಠದ ಕೊನೆಯಲ್ಲಿ ಒಂದು ವಾಕ್ಯವಿದೆ. ಚೌಕಟ್ಟಿನೊಳಗೆ ಏನಿದೆ ಎನ್ನುವುದಕ್ಕಿರುವಷ್ಟೇ ಅರ್ಥ, ಏನಿಲ್ಲ ಎನ್ನುವುದಕ್ಕೂ ಇದೆ. ವಿಶ್ವವಿದ್ಯಾಲಯದಲ್ಲಿ ಇದನ್ನು ಓದುವಾಗ ಗೆರೆ ಎಳೆದುಕೊಂಡಿದ್ದೆ. ಅರ್ಥವಾದದ್ದು ಆಮೇಲೆ, ನಮ್ಮ ಪಡಸಾಲೆಯಲ್ಲಿ.

ಗಂಗವ್ವತ್ತೆ ಅಪ್ಪನ ಅಕ್ಕ. ತುಂಗಭದ್ರೆಯ ದಂಡೆಯ ಐರಣಿ ಅವಳ ಊರು. ನಾನು ಹುಟ್ಟುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಹೊಲ ಮನೆ ಎರಡನ್ನೂ ತಾನೇ ಜೋರಾಗಿ ನಡೆಸುತ್ತಾಳೆ. ನಾನು ಚಿಕ್ಕವಳಿದ್ದಾಗ ಅವ್ವನಿಗೆ ಬಹಳ ದಿನ ಹುಷಾರಿರಲಿಲ್ಲ. ನನ್ನನ್ನು ಐರಣಿಯಲ್ಲಿ ಬಿಟ್ಟಿದ್ದರು. ಹೀಗಾಗಿ ನನ್ನ ಮೊದಲ ಶಾಲೆ ಅಲ್ಲಿಯದು.

ಮುಂಜಾನೆ ಅತ್ತೆ ನನ್ನನ್ನು ಹೊಸ್ತಿಲ ಮೇಲೆ ಕೂಡಿಸಿ, ತಾನು ಹಿಂದೆ ಮಣೆಯ ಮೇಲೆ ಕೂತು ಹೆರಳು ಹಾಕುತ್ತಿದ್ದಳು. ಬಾಗಿಲಿನ ಚೌಕಟ್ಟಿನಲ್ಲಿ ಹೊಳೆ ಕಾಣುತ್ತಿತ್ತು. ಎಡಗಡೆಯಿಂದ ಎಮ್ಮೆ ಬಂದು ಬಲಗಡೆ ಮರೆಯಾಗುತ್ತಿತ್ತು. ಮತ್ತೆ ಯಾರೋ ಕೊಡ ಹೊತ್ತು ಬರುತ್ತಿದ್ದರು. ನಾನು ತಿರುಗಿ ನೋಡಹೋದರೆ ಹೆರಳು ಹಿಂದಕ್ಕೆ ಜಗ್ಗುತ್ತಿತ್ತು. "ಮುಂದ ನೋಡಽ, ಬೈತಲಿ ಸೊಟ್ಟಾದ್ರ ಸಾಲ್ಯಾಗ ನನಗ ಬೈತಾರ." ಆ ದಿನಗಳಲ್ಲಿ ಅತ್ತೆಯ ಸಿಟ್ಟು, ಸಮಾಧಾನ, ಅವಸರ ಎಲ್ಲವೂ ನನಗೆ ತಿಳಿಯುತ್ತಿದ್ದದ್ದು ನೆತ್ತಿಯ ಮೇಲೆ. ಹೆರಳು ಹಾಕುವಾಗ ಅವಳ ಮುಖ ಹೇಗಿರುತ್ತದೆಂದು ನಾನು ನೋಡಿರಲೇ ಇಲ್ಲ.

ಅಣ್ಣನ ಮದುವೆ ರಾಣೇಬೆನ್ನೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ವಿಡಿಯೋ ಕೈಗೆ ಬಂದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಕೂತು ನೋಡಿದೆವು. ಅದಕ್ಕೆಂದೇ ಅತ್ತೆ ಐರಣಿಯಿಂದ ಬಂದಿದ್ದಳು, ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಕೆನೆಮೊಸರಿನ ಗಡಿಗೆ ಸಮೇತ.

ಮದುವೆಯ ವಿಡಿಯೋ ನೋಡುವುದಕ್ಕೆ ನಮ್ಮ ಕಡೆ ಒಂದು ರೀತಿಯಿದೆ. ಮದುಮಕ್ಕಳನ್ನು ಯಾರೂ ನೋಡುವುದಿಲ್ಲ. ಅವರು ಹೇಗೂ ಇರುತ್ತಾರೆ. ಎಲ್ಲರೂ ಕಾಯುವುದು ಅಕ್ಕಿಕಾಳಿನ, ಅಂದರೆ ಅಕ್ಷತೆ ಹಾಕುವ ಹೊತ್ತಿಗೆ. ಆಗ ಕ್ಯಾಮೆರಾ ಕೂತವರ ಸಾಲಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸರಿಯುತ್ತದೆ. ಯಾರ ಮುಖದ ಮೇಲೆ ಎಷ್ಟು ನಿಂತಿತು, ಯಾರನ್ನು ಲಗುಬಗೆಯಿಂದ ದಾಟಿತು ಎಂಬುದರಲ್ಲಿ ಬೀಗರ ಮರ್ಯಾದೆಯ ಲೆಕ್ಕವಿದೆ. ನಮ್ಮ ಮಾವನೊಬ್ಬ ಆ ಸಮಯಕ್ಕೆ ಸರಿಯಾಗಿ ಆಕಳಿಸಿದ್ದಕ್ಕೆ ಇವತ್ತಿನವರೆಗೂ ಬೈಸಿಕೊಳ್ಳುತ್ತಿದ್ದಾನೆ.

ಆವತ್ತೂ ಕ್ಯಾಮೆರಾ ಹೆಂಗಸರ ಸಾಲಿನ ಮೇಲೆ ಸರಿಯಿತು. ದೊಡ್ಡವ್ವ ಬಂದಳು, ಸೋದರಮಾವನ ಹೆಂಡತಿ ಬಂದಳು. ಮುಂದೆ ಗಂಗವ್ವತ್ತೆ. ಅವಳ ಹಸಿರು ಇಳಕಲ್ ಸೀರೆಯ ಸೆರಗು, ಅಕ್ಕಿಕಾಳು ಹಿಡಿದ ಮುಷ್ಟಿ ಕಾಣಿಸಿತು. ಅಷ್ಟರಲ್ಲಿ ಕ್ಯಾಮೆರಾ ಸರಕ್ಕನೆ ಮೇಲೆದ್ದು ಮಂಟಪದ ಛಾವಣಿಯ ತೂಗುದೀಪಕ್ಕೆ ಹೋಯಿತು. ತೂಗುದೀಪದ ನಡುವೆ ಒಂದು ಗುಲಾಬಿ ಅರಳಿತು. ಪರದೆಯ ತುಂಬ ಅರಳಿ, ಎಸಳು ಉದುರಿ ಹೋಯಿತು. ಮತ್ತೆ ಕ್ಯಾಮೆರಾ ಕೆಳಗಿಳಿದಾಗ ಅತ್ತೆಯ ಆಚೆಗೆ ಕೂತಿದ್ದ ಚಿಕ್ಕವ್ವ ನಗುತ್ತಿದ್ದಳು.

ಅತ್ತೆಯೇ ಕೇಳಿದಳು.

"ತಮ್ಮಾ, ನನ್ನ ಪಾಲಿಗೆ ಹೂವು ಬಂತೇನೋ?"

"ಅಂವಾ ಏನೋ ಗ್ರಾಫಿಕ್ಸ್ ಮಾಡ್ಯಾನ ಅಕ್ಕಾ," ಎಂದ ಅಪ್ಪ.

"ನನ್ನ ಆಚೀಕಿನಾಕಿ ಅದಾಳ. ಈಚೀಕಿನಾಕಿ ಅದಾಳ. ನಡುವ ನನಗಷ್ಟ ಹೂವು?"

"ಆಣಿ ಮಾಡಿ ಹೇಳ್ತೇನಿ, ನಾವ್ಯಾರೂ ಅವಂಗ ಏನೂ ಹೇಳಿಲ್ಲ."

"ನೀವು ಹೇಳಿಲ್ಲ ಅಂದ್ರ, ನಾ ಗಂಡ ಇಲ್ಲದಾಕಿ ಅಂತ ಅವಂಗ ಹೆಂಗ ತಿಳೀತು?"

ಅತ್ತೆ ಊಟ ಮಾಡಿದಳು, ಎಲೆ ಅಡಿಕೆ ಹಾಕಿಕೊಂಡಳು, ಸಂಜೆಯ ಬಸ್ಸಿಗೆ ಹೋದಳು. ಮತ್ತೆ ಬ್ಯಾಡಗಿಗೆ ಬರಲಿಲ್ಲ. ಜಗಳವೇನೂ ಇಲ್ಲ. ಅಪ್ಪ ಹೋದರೆ ಉಣ್ಣಲು ಹಾಕುತ್ತಿದ್ದಳು, ನಾನು ಹೋದರೆ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಬಾ ಅಂದರೆ ಮಾತ್ರ, "ನಿಮ್ಮ ಹೂವಿನ ಮನಿಗೆ ನಾ ಯಾಕವಾ," ಎನ್ನುತ್ತಿದ್ದಳು. ಅಣ್ಣನ ಮಗನ ತೊಟ್ಟಿಲಿಗೂ ಬರಲಿಲ್ಲ. ಕುಲಾವಿ ಹೊಲಿದು ಕಳಿಸಿದಳು.

ಕೆಲವು ವರ್ಷ ಹೀಗೇ ಕಳೆದವು. ಆಮೇಲೆ ನನ್ನ ಮದುವೆ ನಿಶ್ಚಯವಾಯಿತು. ಹುಡುಗನ ವಿಷಯ ಇಲ್ಲಿ ಬೇಡ. ಒಳ್ಳೆಯವನು, ಇಷ್ಟು ಸಾಕು. ನನಗಿದ್ದ ಚಿಂತೆ ಒಂದೇ. ಅತ್ತೆ ಬರಬೇಕು, ಬಂದದ್ದು ಕಾಣಬೇಕು.

ಅಪ್ಪ ಬೇರೆ ವಿಡಿಯೋದವರನ್ನು ನೋಡೋಣ ಎಂದ. ನಾನು ಈರಣ್ಣನೇ ಇರಲಿ ಎಂದೆ. ಹೊಸಬ ಏನು ಮಾಡುತ್ತಾನೋ ಗೊತ್ತಿರುವುದಿಲ್ಲ, ಇವನು ಏನು ಮಾಡುತ್ತಾನೆಂದು ಗೊತ್ತಿದೆ. ಒಂದು ದಿನ ಕಾಲೇಜು ಮುಗಿಸಿ ರಾಣೇಬೆನ್ನೂರಿಗೆ ಹೋದೆ. ಈರಣ್ಣನ ಸ್ಟುಡಿಯೋ ಈಗ ಎರಡು ಅಂತಸ್ತಿನದಾಗಿದೆ. ಕೆಳಗೆ ಪಾಸ್‌ಪೋರ್ಟ್ ಫೋಟೋ, ಮೇಲೆ ಮದುವೆ. ನನ್ನನ್ನು ನೋಡಿದವನೇ, "ನಿಮ್ಮ ಮನ್ಯಾಗ ನಂದೊಂದು ಮುಚ್ಚಳ ಉಳದೈತ್ರೀ ಮೇಡಂ," ಎಂದ.

"ದೇವರ ಮುಂದ ಐತಿ," ಎಂದೆ.

"ಹಂಗಾರ ಇರ್ಲಿ ಬಿಡ್ರಿ."

ನಾನು ಗುಲಾಬಿಯ ಮಾತು ತೆಗೆದೆ. ಯಾರು ಹೇಳಿದ್ದರು ಎಂದು ಕೇಳಿದೆ. ಈರಣ್ಣ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಇದೆ ಎಂದು ಅವನಿಗೆ ಅನಿಸಿದಂತೆಯೂ ಕಾಣಲಿಲ್ಲ.

"ಯಾರೂ ಹೇಳಿಲ್ರಿ. ನಾನಽ ಹಣಿ ನೋಡ್ತೇನಿ. ಕುಂಕುಮ ಇಲ್ಲಂದ್ರ ಮ್ಯಾಲೆ ಎತ್ತತೇನಿ. ಕೆಲಸ ಕಲಿಯೂ ಮುಂದ ಒಂದು ಮದುವ್ಯಾಗ ಅಂಥವರನೂ ಹಂಗಽ ತಗದಿದ್ದೆ. ಹಿರ್ಯಾರು ನಾಕ ಮಂದಿ ಮುಂದ ಬೈದು, ಅಷ್ಟೂ ಅಳಸಿಸಿದ್ರು. ಅವತ್ತಿಂದ ಕೈಗೆ ರೂಢಿ ಬಿದ್ದಬಿಟ್ಟೈತಿ. ಹೂವು ಎದಕ್ಕ ಹಾಕೋದ್ರಿ ಅಂದ್ರ, ಕ್ಯಾಮೆರಾ ಸರಕ್ನ ಎದ್ದದ್ದು ಗೊತ್ತಾಗಬಾರದಲ್ರಿ, ಅದಕ್ಕ."

"ಯಾರೂ ತಕರಾರು ಮಾಡಿಲ್ಲ?"

"ಹೂವು ಚಂದ ಬಂದೈತಿ ಅಂತಾರ್ರಿ."

ಹೊರಗೆ ಹೆದ್ದಾರಿಯ ಲಾರಿಗಳ ಸದ್ದು ಬರುತ್ತಿತ್ತು. ಅಪ್ಪ ಮಾಡಿದ ಆಣೆ ಖರೇ ಇತ್ತು. ಯಾರೂ ಹೇಳಿರಲಿಲ್ಲ. ಯಾರೂ ಹೇಳಬೇಕಾಗಿಯೇ ಇರಲಿಲ್ಲ. ನಾನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ, ಕ್ಯಾಮೆರಾ ಮೇಲೆದ್ದರೆ ಬಿಡುಗಡೆ, ಆಕಾಶ, ದೊಡ್ಡ ಭಾವನೆ ಎಂದು ಬರೆಸುತ್ತಿದ್ದೆ. ಇಲ್ಲಿ ಅದಕ್ಕೆ ಒಬ್ಬಾಕೆಯ ಹಣೆಯಿಂದ ತಪ್ಪಿಸಿಕೊಳ್ಳುವುದು ಎಂಬ ಅರ್ಥವೂ ಇತ್ತು.

ಈ ಸಲ ಅತ್ತೆ ಬಂದರೆ ಕ್ಯಾಮೆರಾ ಮೇಲೇಳಬಾರದು ಎಂದು ಹೇಳಿದೆ. ಯಾರಾದರೂ ಬೈದರೆ ನನ್ನ ಹೆಸರು ಹೇಳಲಿ.

"ಆತ್ರಿ. ನಿಮ್ಮ ಅತ್ತಿಯವರಿಗೆ ಹೂವು ಹಾಕಂಗಿಲ್ಲ," ಎಂದು ಈರಣ್ಣ ಮಾತು ಕೊಟ್ಟ.

ಇನ್ನು ಅತ್ತೆ. ಲಗ್ನಪತ್ರಿಕೆ ಹಿಡಿದು ಐರಣಿಗೆ ನಾನೇ ಹೋದೆ. ಅವಳು ಪತ್ರಿಕೆಯನ್ನು ತಿರುಗಿಸಿ ನೋಡಿದಳು. "ಹಾಳಿ ದಪ್ಪ ಐತಿ," ಎಂದಳು. ಆಮೇಲೆ, "ನೀ ಚಂದಾಗಿ ಇರು. ನಾ ಇಲ್ಲಿಂದಽ ಅಕ್ಕಿಕಾಳು ಹಾಕತೇನಿ," ಎಂದಳು.

ಈರಣ್ಣ ಹೇಳಿದ್ದನ್ನು ಹೇಳಿದೆ. ಮನೆಯವರು ಯಾರೂ ಹೇಳಿರಲಿಲ್ಲ ಎನ್ನುವುದನ್ನೂ ಹೇಳಿದೆ. ಅತ್ತೆ ತನ್ನ ಹಣೆಯ ವಿಭೂತಿಯನ್ನು ಬೆರಳಿನಿಂದ ಮುಟ್ಟಿಕೊಂಡಳು.

"ಹಣಿ ನೋಡ್ತಾನಂತ? ನನ್ನ ಹಣಿ ಮ್ಯಾಲೆ ಇಷ್ಟುದ್ದ ಈಬತ್ತಿ ಇತ್ತಲ್ಲ, ಅದು ಕಾಣ್ಲಿಲ್ಲೇನು?"

ಉತ್ತರದ ಬದಲು ಬೇರೆ ಮಾತು ಹೇಳಿದೆ. ನಾನು ಹೆಚ್ಚು ಮಾತಿನವಳಲ್ಲ. ಇದನ್ನು ಬಸ್ಸಿನಲ್ಲಿ ಹಲವು ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ.

"ಮದುವಿ ದಿನ ನನಗ ಹೆರಳ ಹಾಕೋರು ಯಾರೂ ಇಲ್ಲ ಅತ್ತಿ."

"ಬ್ಯೂಟಿ ಪಾರ್ಲರಿನಾಕಿ ಬರೂದಿಲ್ಲೇನು?"

"ಅಕಿ ಹೆರಳಿಗೆ ಸ್ಪ್ರೇ ಹೊಡೀತಾಳ."

ಇದು ಕೆಲಸ ಮಾಡಿತು. ಕೂದಲಿಗೆ ಸೊಳ್ಳೆಯ ಔಷಧಿ ಹೊಡೆದಂತೆ ಹೊಡೆಯುವ ಕಾಲದ ಬಗ್ಗೆ ಅತ್ತೆ ಬಹಳ ಹೊತ್ತು ಮಾತಾಡಿದಳು. ಮಾತಿನ ಕೊನೆಗೆ, "ಹೆರಳಷ್ಟ ಹಾಕಿ ಬಂದಬಿಡ್ತೇನಿ," ಎಂದಳು.

ನಾನು ಇಷ್ಟನ್ನೇ ಲೆಕ್ಕ ಹಾಕಿದ್ದೆ. ಅರಿಶಿನ ಹಚ್ಚುವುದು, ಆರತಿ ಎತ್ತುವುದು, ನೂಲಿನ ಸುರಗಿ ಸುತ್ತುವುದು ಯಾರ ಕೆಲಸ, ಯಾರದಲ್ಲ ಎನ್ನುವುದಕ್ಕೆ ಊರಿನ ಹಿರಿಯ ಹೆಂಗಸರ ಹತ್ತಿರ ಗಟ್ಟಿ ಅಭಿಪ್ರಾಯಗಳಿವೆ. ಹೆರಳು ಹಾಕುವುದರ ಬಗ್ಗೆ ಯಾರಿಗೂ ಏನೂ ಅಭಿಪ್ರಾಯವಿಲ್ಲ. ಆದರೆ ಈಗಿನ ವಿಡಿಯೋಗಳಲ್ಲಿ ಮದುಮಗಳು ಸಿದ್ಧವಾಗುವ ಭಾಗಕ್ಕೇ ಎಲ್ಲಕ್ಕಿಂತ ಹೆಚ್ಚು ಜಾಗ. ಬಳೆ ತೊಡುವ ಕೈ, ಓಲೆ ಹಾಕುವ ಕಿವಿ, ಮಲ್ಲಿಗೆ ಮುಡಿಸುವ ಬೆರಳು, ಎಲ್ಲವೂ ಹತ್ತಿರದಿಂದ. ಶಾಸ್ತ್ರದಲ್ಲಿ ಇಲ್ಲದ ಜಾಗ ಕ್ಯಾಮೆರಾದಲ್ಲಿ ಇತ್ತು. ನಾನು ಅತ್ತೆಯನ್ನು ಆ ಜಾಗದಲ್ಲಿ ಕೂಡಿಸಿದೆ.

ಮದುವೆಯ ಮುಂಜಾನೆ ಮಂಟಪದ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತೆ. ಅತ್ತೆ ಹಿಂದೆ ಕೂತಳು. ಈರಣ್ಣ ಹೊಸ ಕ್ಯಾಮೆರಾ ಹಿಡಿದು ನಮ್ಮ ಸುತ್ತ ಒಮ್ಮೆ ತಿರುಗಿ, ಕನ್ನಡಿಯ ಓರೆಗೆ ನಿಂತ. ಅತ್ತೆ ಅವನನ್ನು ನೋಡಿದಳು. ಅವನೂ ನೋಡಿದ. "ನಮಸ್ಕಾರ್ರೀ ಅವ್ವಾರ," ಎಂದ. ಅತ್ತೆ ನನ್ನ ಹೆರಳು ಜಗ್ಗಿದಳು. ಸಿಟ್ಟು ಎಷ್ಟಿದೆ ಎಂದು ನೆತ್ತಿಗೆ ತಿಳಿಯಿತು.

ಆಮೇಲೆ ಅಕ್ಕಿಕಾಳು. ತಲೆ ತಗ್ಗಿಸಿ ಕೂಡಬೇಕಾದ ಹೊತ್ತಿನಲ್ಲಿ ನಾನು ಕತ್ತು ಉದ್ದ ಮಾಡಿ ಈರಣ್ಣನಿಗೆ ಹುಬ್ಬಿನಿಂದ ಸನ್ನೆ ಮಾಡುತ್ತಿದ್ದೆ. ಅತ್ತೆ ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಕೂತಿದ್ದಳು. ಹೆರಳಷ್ಟೇ ಹಾಕಿ ಹೋಗುತ್ತೇನೆಂದವಳು ಹೋಗಿರಲಿಲ್ಲ. "ಮದುಮಗಳ ಕಣ್ಣಾಗ ಕಸ ಬಿದ್ದೈತೇನ ನೋಡ್ರಿ," ಎಂದು ಯಾರೋ ಹೇಳಿದರು. ಗಂಡನಾಗಲಿದ್ದವನು ಕಳವಳದಿಂದ ತನ್ನ ಕರವಸ್ತ್ರ ಕೊಟ್ಟ. ಸಿನಿಮಾ ಕಲಿಸುವವರು ಸ್ವಂತ ಮದುವೆಯಲ್ಲಿ ಹೀಗೆ ಕಾಣುತ್ತಾರೆ.

ವಿಡಿಯೋ ಬಂದಾಗ ಅತ್ತೆಗೆ ಫೋನು ಮಾಡಿದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಭಾನುವಾರ ರೊಟ್ಟಿಯ ಗಂಟಿನ ಜೊತೆ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಚಪ್ಪಲಿ ಹಾಕಿಕೊಳ್ಳದೆ ಅಂಗಳಕ್ಕೆ ಓಡಿದ. ಪಡಸಾಲೆಯಲ್ಲಿ ಎಲ್ಲರೂ ಕೂತೆವು. ನನ್ನ ಜೊತೆ ಬಂದಿದ್ದ ಗಂಡ ಫೋನು ಹಿಡಿದು ಅಂಗಳದಲ್ಲೇ ಉಳಿದ. ಅವ್ವ ಎಂದಿನಂತೆ ಅಡುಗೆಮನೆಯ ಬಾಗಿಲಿಗೆ ಆತು ನಿಂತಳು.

ಮೊದಲು ಬಳೆ, ಓಲೆ, ಮಲ್ಲಿಗೆ. ಆಮೇಲೆ ಕನ್ನಡಿ. ಕನ್ನಡಿಯಲ್ಲಿ ನನ್ನ ಮುಖ ಸ್ಪಷ್ಟವಾಗಿತ್ತು, ಹಿಂದೆ ಏನೋ ಹಸಿರು, ಮಬ್ಬು. ಹಾಗೇ ನೋಡುತ್ತಿದ್ದಂತೆ ನನ್ನ ಮುಖ ಮಬ್ಬಾಗತೊಡಗಿತು. ಹಿಂದಿನ ಹಸಿರು ನಿಧಾನವಾಗಿ ಸೀರೆಯಾಯಿತು, ಸೀರೆಯ ಮೇಲೆ ಮುಖ ಮೂಡಿತು. ಹಣೆಯ ಮೇಲೆ ವಿಭೂತಿ, ತುಟಿಗಳ ನಡುವೆ ಹೇರ್‌ಪಿನ್ನು. ಹುಬ್ಬು ಗಂಟಿಕ್ಕಿ, ನನ್ನ ಬೈತಲೆಯನ್ನು ಒಂದೇ ಮನಸ್ಸಿನಿಂದ ನೋಡುತ್ತಿದ್ದ ಅತ್ತೆ. ಇದನ್ನು ಮಾಡು ಎಂದು ಈರಣ್ಣನಿಗೆ ನಾನು ಹೇಳಿರಲಿಲ್ಲ. ಹೊಸ ಕ್ಯಾಮೆರಾದವರೆಲ್ಲ ಮಾಡುವ ಆಟ ಇದು. ತರಗತಿಯಲ್ಲಿ ಇದನ್ನು ಸವಕಲು ತಂತ್ರ ಎಂದೇ ಕಲಿಸುತ್ತೇನೆ. ಐರಣಿಯ ಹೊಸ್ತಿಲ ಮೇಲೆ ಕೂತಾಗ ನನ್ನ ಬೆನ್ನ ಹಿಂದೆ ಇದ್ದದ್ದು ಈ ಮುಖವೇ ಎಂದು ಅವತ್ತು ತಿಳಿಯಿತು.

ಅತ್ತೆಗೆ ಸಿಟ್ಟು ಬಂತು.

"ಏ, ಈ ಭಾಡ್ಯಾ ಮದುಮಗಳ ಮಾರೀನಽ ಅಳಸ್ಯಾನಲ್ಲ! ಇದೇನ ತಗಿಯೂದು?"

"ನಿಮ್ಮ ಮಾರಿ ಕಾಣ್ಲಿ ಅಂತ ಅಕ್ಕಾರ," ಎಂದಳು ಅವ್ವ ಬಾಗಿಲಲ್ಲೇ ನಿಂತು. ಸಿನಿಮಾದ ಪಾಠ ಓದದವಳು.

ಅತ್ತೆ ಟೀವಿಯ ಹತ್ತಿರ ಸರಿದು, "ಹಿಂದಕ್ಕ ಒಯ್ಯಿ," ಎಂದಳು. ಒಯ್ದೆ. ಮತ್ತೆ ನೋಡಿದಳು. "ಪಿನ್ನ ಬಾಯಾಗ ಹಿಡಕೊಂಡೇನಿ. ತಗೀರಿ ಅಂತ ಒಂದು ಮಾತು ಹೇಳಬಾರದ ಅಂವಾ?" ಎಂದಳು. ಅಪ್ಪ ನಕ್ಕ. ಅವಳೂ ನಕ್ಕಳು. ಆಮೇಲೆ ಅಕ್ಕಿಕಾಳು ಬಂತು. ಕ್ಯಾಮೆರಾ ಸಾಲಿನ ಮೇಲೆ ಸರಿದು, ಕಂಬದ ಪಕ್ಕ ಅತ್ತೆಯ ಮೇಲೆ ನಿಂತಿತು. ಸಾಕಷ್ಟು ಹೊತ್ತು ನಿಂತಿತು. ಈರಣ್ಣ ಮಾತು ಉಳಿಸಿಕೊಂಡಿದ್ದ. ಅಪ್ಪ ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಅವ್ವ ಚಹಾಕ್ಕೆ ಇಡಲು ಒಳಗೆ ಹೋದಳು.

ಕ್ಯಾಮೆರಾ ಗಂಡಿನ ಕಡೆಯವರ ಸಾಲಿಗೆ ಹೊರಳಿತು. ನನ್ನ ಅತ್ತೆಮಾವ, ಮೈದುನ, ಆಮೇಲೆ ಹೆಂಗಸರು. ಒಂದು ಬೂದುಬಣ್ಣದ ಸೀರೆಯ ಸೆರಗು ಕಾಣಿಸಿತು, ಅಕ್ಕಿಕಾಳು ಹಿಡಿದ ಒಂದು ತೆಳ್ಳನೆಯ ಕೈ. ಅಷ್ಟರಲ್ಲಿ ಕ್ಯಾಮೆರಾ ಸರಕ್ಕನೆ ಮೇಲೆದ್ದಿತು. ತೂಗುದೀಪ. ಗುಲಾಬಿ ಅರಳಿತು, ಎಸಳು ಉದುರಿತು.

ಗಂಗವ್ವತ್ತೆ ಮುಂದಕ್ಕೆ ಬಾಗಿದಳು.

"ನಿಲ್ಲಸು. ಇಲ್ಲಿ ಯಾರು ಕುಂತಿದ್ರು?"

ಅಪ್ಪ ನನ್ನ ಮುಖ ನೋಡಿದ. ನಾನು ಪರದೆ ನೋಡಿದೆ. ನಿಂತ ಚಿತ್ರದಲ್ಲಿ ಎಸಳುಗಳಿದ್ದವು.

"ಗೊತ್ತಿಲ್ಲ ಅತ್ತಿ," ಎಂದೆ.

"ನಿನ್ನ ಗಂಡನ ಮನಿಯವರು. ಗೊತ್ತ ಮಾಡ್ಕೊ."

ಅಂಗಳದಲ್ಲಿದ್ದ ಗಂಡನನ್ನು ಒಳಗೆ ಕರೆದು ಕೇಳಿದೆ. ಅವನು ಸಾಲನ್ನು ಹಿಂದೆ ಮುಂದೆ ಮಾಡಿ ನೋಡಿ, "ನಮ್ಮ ಗುತ್ತಲದ ಚಿಗವ್ವ. ಯಾಕ, ಏನಾತು?" ಎಂದ. ಅವನಿಗೆ ಕಂಡದ್ದು ಹೂವು ಮಾತ್ರ. ಚೆನ್ನಾಗಿಯೇ ಇತ್ತು.

ಅವ್ವ ಚಹಾ ತಂದಳು. ಅತ್ತೆ ಬಸಿಗೆ ಸುರಿದು, ಊದಿ, ಒಂದು ಗುಟುಕು ಕುಡಿದಳು.

"ಅಕಿಗೆ ಈ ವಿಡಿಯೋ ತೋರಸಬ್ಯಾಡ್ರಿ," ಎಂದಳು. "ಮುಂದಿನ ಐತವಾರ ಅಕೀನಽ ಕರಕೊಂಡ ಬರ್ರಿ. ರೊಟ್ಟಿ ನಾ ತರ್ತೇನಿ."